ಸೆರೆ, ಒರೆ ಮತ್ತು ನಮ್ಮ ಫ್ರೆಂಚ್ ಮೇಷ್ಟ್ರು

ನಮ್ಮ ಸುಮ ಫ್ರೆಂಚಿನಲ್ಲಿ ಪಾಸಾದಳು! ಎಳೆದು ಎಳೆದು ಪಾಸಾದದ್ದಲ್ಲ, ಒಳ್ಳೇ ಅಂಕ ತೆಗೆದು ಪಾಸಾದಳು. ಇವತ್ತು ಬೆಳಗ್ಗೆ ಮೊಬೈಲಿನಲ್ಲಿ ರಿಸಲ್ಟ್ ಬಂತು. ಅವಳು ನೋಡಿದಳು, ಅವಳ ಅವ್ವ ನೋಡಿದಳು, ನನಗೆ ಕನ್ನಡಕ ಸಿಗಲಿಲ್ಲ, ಆದರೂ ನೋಡಿದೆ. ಆಮೇಲೆ ಬೀದಿಗೆ ಬಂದು ಎದುರು ಮನೆಯವರಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ಗ್ಯಾಸ್ ಸಿಲಿಂಡರ್ ಹೊತ್ತು ತಂದವನನ್ನು ಹೊತ್ತಂತೆಯೇ ನಿಲ್ಲಿಸಿಕೊಂಡು ಹೇಳಿದೆ. "ಅಜ್ಜಿ, ಇಳಿಸ್ಬುಟ್ಟು ಕೇಳ್ತೀನಿ" ಅಂದ. ಇಳಿಸಿದ ಮೇಲೆ ಮೊದಲಿನಿಂದ ಇನ್ನೊಂದು ಸಲ ಹೇಳಿದೆ.

ಇಷ್ಟೆಲ್ಲ ಕುಣಿದಾಡಿದ ಮೇಲೆ ಒಬ್ಬರ ವಿಷಯ ಬರೆಯಲೇಬೇಕು ಅನ್ನಿಸಿತು. ಸುಮಳಿಗೆ ಫ್ರೆಂಚ್ ಹೇಳಿಕೊಟ್ಟ ಮೇಷ್ಟ್ರು ಅವರು. ಹೆಸರು ಬರೆಯುವುದಿಲ್ಲ, ಬರೆದರೆ ಮುಜುಗರಪಟ್ಟುಕೊಳ್ಳುತ್ತಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದ್ದರೆ ಸುಮ ತಿದ್ದುತ್ತಾಳೆ, ಆದರೆ ಮಾತು ತಿದ್ದಕೂಡದು ಎಂದು ಅವಳಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಮೊದಲು ನಮ್ಮ ಮನೆಯ ಪಾಡು ಹೇಳಬೇಕು. ಗುಂಡ್ಲುಪೇಟೆಯಲ್ಲಿ ನನ್ನ ಮಗನದು ಬೀಜ, ಗೊಬ್ಬರದ ಅಂಗಡಿ. ಅವನ ಮಗಳು ಸುಮ ಮೈಸೂರಿನ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದಿದಳು. ಕನ್ನಡ ತಗೋ ಅಂದರೆ ಕೇಳದೆ, ಫ್ರೆಂಚಿನಲ್ಲಿ ಅಂಕ ಸಲೀಸಾಗಿ ಬರುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಅದನ್ನು ತಗೊಂಡಳು. ಮಿಕ್ಕಿದ್ದೆಲ್ಲ ಪಾಸು, ಇದೊಂದು ಫೇಲು. ಇನ್ನೊಂದು ಸಲ ಕಟ್ಟಿದಳು, ಮತ್ತೆ ಫೇಲು. ಹಳೇ ಸಿಲಬಸ್ಸಿನವರಿಗೆ ಇನ್ನು ಒಂದೇ ಸಲ ಅವಕಾಶ, ಅದೂ ಹೋದರೆ ಡಿಗ್ರಿಯೇ ಇಲ್ಲ ಅಂದರು. ಡಿಗ್ರಿ ಇಲ್ಲದೆ ಬಿ.ಎಡ್. ಇಲ್ಲ, ಬಿ.ಎಡ್. ಇಲ್ಲದೆ ಟೀಚರ್ ಕೆಲಸ ಇಲ್ಲ. ಚಿಕ್ಕಂದಿನಲ್ಲಿ ಗೋಡೆಗೆ ಪಾಠ ಮಾಡಿ, ಗೋಡೆಯನ್ನೇ ಬೈದು ಬೆತ್ತ ತೋರಿಸುತ್ತಿದ್ದ ಹುಡುಗಿ ಅವಳು.

ಎರಡನೇ ಸಲ ಫೇಲಾದ ಮೇಲೆ ಅವಳು ನಮ್ಮ ಜೊತೆ ಉಣ್ಣುವುದನ್ನೇ ಬಿಟ್ಟಳು. ತಟ್ಟೆ ಎತ್ತಿಕೊಂಡು ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂರುವಳು. ನನ್ನ ಮಗ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವನು ಆ ಮಾತನ್ನೇ ಎತ್ತಲಿಲ್ಲ. ಅವನು ಊಟಕ್ಕೆ ಬರುವ ಹೊತ್ತಿಗೆ ಅವಳು ಎದ್ದು ಹೋಗುವಳು, ಅವಳು ಒಳಗಿದ್ದರೆ ಅವನು ಅಂಗಡಿಯಲ್ಲೇ ಕೆಲಸ ಹುಡುಕಿಕೊಳ್ಳುವನು. ಒಂದೇ ಮನೆಯ ಅಪ್ಪ, ಮಗಳು ಎದುರು ಬದುರು ಬರುವ ಬಸ್ಸುಗಳ ಹಾಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟುಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ದಿನ ಅಂಗಡಿಗೆ ತೆರಕಣಾಂಬಿ ಕಡೆಯ ರೈತನೊಬ್ಬ ಬಂದು ರೇಗಾಡಿದನಂತೆ.

"ಏನ್ ಸಾವ್ಕಾರ್ರೇ, ಚಾಮ್ರಾಜನಗರದಲ್ಲಿ ಅದ್ಯಾರೋ ಫ್ರೆಂಚ್ ಅಂತ ಬೋರ್ಡ್ ಆಕವ್ರೆ. ಬೀನ್ಸ್ ಬೀಜ ಕೊಡಿ ಸಾ ಅಂದೆ. ಒಳಕ್ಕೆ ಕರ್ದು, ಕುರ್ಚಿ ಮ್ಯಾಲೆ ಕೂರ್ಸಿ, ಬಾಯ ದುಂಡುಗ್ ಮಾಡಿ 'ಊ' ಅನ್ನಿ ಅಂದ್ರು. ಅಂದೆ. ಇನ್ನೊಂದ್ಸಲಿ ಅನ್ನಿ ಅಂದ್ರು. ಅದೂ ಅಂದೆ. ಬೀಜ ಮಾತ್ರ ಕೊಡ್ನಿಲ್ಲ!"

ಅವನಿಗೆ ಫ್ರೆಂಚ್ ಬೀನ್ಸ್ ಬೀಜ ಕೊಟ್ಟು ಕಳಿಸಿದ ನನ್ನ ಮಗ, ಸಂಜೆ ಮನೆಗೆ ಬಂದು ಗೋಡೆ ಕಡೆ ತಿರುಗಿಕೊಂಡು ಈ ಕಥೆ ಹೇಳಿದ. ಗೋಡೆಗೆ ಹೇಳಿದ್ದು ಹಿತ್ತಿಲ ಬಾಗಿಲಿಗೆ ಕೇಳಿಸಿತು. ಆ ಭಾನುವಾರವೇ ನಾನು ಸುಮಳನ್ನು ಕರೆದುಕೊಂಡು ಚಾಮರಾಜನಗರದ ಬಸ್ಸು ಹತ್ತಿದೆ.

ಬೋರ್ಡು ನಿಜವಾಗಿಯೂ ಇತ್ತು. 'ಫ್ರೆಂಚ್ ಕಲಿಸಿಕೊಡಲಾಗುವುದು' ಎಂದು ಯಾವ ಕಾಲದಲ್ಲೋ ಬರೆಸಿದ್ದು. ಮಳೆಗೆ ಮಿಕ್ಕಿದ್ದೆಲ್ಲ ತೊಳೆದುಹೋಗಿ 'ಫ್ರೆಂಚ್ ಕ' ಅಷ್ಟೇ ಉಳಿದಿತ್ತು. ನಾವು ಹೋದಾಗ ಬಾಗಿಲಲ್ಲಿ ಒಬ್ಬ ಹುಡುಗ ಗಲ್ಲ ಸವರಿಕೊಂಡು ನಿಂತಿದ್ದ. "ಸಾ, ಫ್ರೆಂಚ್ ಕಟಿಂಗ್ ಗಡ್ಡಕ್ಕೆ ಎಷ್ಟೊತ್ತಾಯ್ತದೆ?" ಎಂದು ಕೇಳುತ್ತಿದ್ದ. ಒಳಗಿಂದ ಸಾವಧಾನದ ದನಿ ಬಂತು: "ಸರಿಯಾಗಿ ಕಲಿತರೆ ಎರಡು ವರ್ಷ."

ಹುಡುಗ ಓಡಿದ. ನಾವು ಒಳಗೆ ಹೋದೆವು.

ಬೆಳ್ಳಗೆ, ಸಣ್ಣಗೆ, ಪಂಚೆಯ ಮೇಲೆ ಕೋಟು ತೊಟ್ಟ ಮನುಷ್ಯ. ಮೈಸೂರಿನ ಕಾಲೇಜಿನಲ್ಲಿ ಫ್ರೆಂಚ್ ಪಾಠ ಮಾಡಿ ನಿವೃತ್ತಿಯಾಗಿ, ತಮ್ಮ ತಂದೆಯ ಕಾಲದ ಮನೆಗೆ ಬಂದು ಒಬ್ಬರೇ ಇದ್ದರು. ಸುಮಳನ್ನು ನೋಡಿ ಎದ್ದು ನಿಂತು, ತಲೆ ಬಾಗಿಸಿ, "ಬೋಂಜೂರ್, ಮದ್ಮ್ವಜೆಲ್!" ಅಂದರು.

ನನ್ನ ಕಿವಿಗೆ ಬಿದ್ದದ್ದು ಮದ್ಮಗಳೇ ಅಂತ.

"ಸಾ, ಅಂಗನ್ಬೇಡಿ" ಅಂದೆ. "ನಮ್ಮುಡ್ಗಿಗೆ ಇನ್ನೂ ಗಂಡೇ ನೋಡಿಲ್ಲ."

"ಅಯ್ಯೋ, ನಾನೂ ಅದನ್ನೇ ಹೇಳಿದ್ದು ಕಣಮ್ಮ! ಮದುವೆ ಆಗದವರಿಗೇ ಹಾಗನ್ನೋದು."

"ಮದ್ವೆ ಆಗ್ದೋರ್ಗೆ ಮದ್ಮಗಳು ಅಂತಾರಾ? ಮದ್ವೆ ಆದೋರ್ಗೆ ಏನಂತಾರೆ?"

"ಮದಾಮ್ ಅಂತಾರೆ."

"ಅಂಗಾರೆ ನಾನು ಅದು" ಅಂದೆ. ಅವತ್ತಿನಿಂದ ಅವರಿಗೆ ನಾನು ಮದಾಮ್. ಐವತ್ತು ವರ್ಷ ಸಂಸಾರ ಮಾಡಿದರೂ ನಮ್ಮ ಯಜಮಾನರು ಒಂದು ದಿನ ಹಾಗೆ ಕರೆದವರಲ್ಲ. ಮನೆಗೆ ಬಂದು ಹೇಳಿದೆ. "ಕರೀತೀನಿ, ಆಮ್ಯಾಕೆ ರಾಗಿಟ್ಟು ಯಾರ್ ಬೇಯ್ಸರು?" ಅಂದರು.

ಮೇಷ್ಟ್ರದು ಒಂದು ವಿಶೇಷ. ಅವರ ಮನೆಯಲ್ಲಿ ಯಾವ ಕೆಲಸವೂ ಆಗಿರಲಿಲ್ಲ, ಆದರೆ ಎಲ್ಲ ಕೆಲಸವೂ ಮುಂದೆ ಆಗಿರುತ್ತಿತ್ತು. "ಮುಂದಿನ ವಾರ ನೀವು ಬರೋ ಹೊತ್ತಿಗೆ ಬೋರ್ಡಿಗೆ ಬಣ್ಣ ಹೊಡೆಸಿರ್ತೀನಿ ಮದಾಮ್." "ನೀವು ಬರೋ ಹೊತ್ತಿಗೆ ಕಾಫಿ ಮಾಡಿಟ್ಟಿರ್ತೀನಿ." ನಾವು ಹೋದಾಗ ಹಾಲು ಪ್ಯಾಕೆಟ್ಟಿನೊಳಗೇ ಇರುತ್ತಿತ್ತು, ಮೇಷ್ಟ್ರು ಒಲೆಯ ಮುಂದೆ ಪುಸ್ತಕ ಓದುತ್ತಿರುತ್ತಿದ್ದರು. ಕಾಫಿ ನಾನೇ ಮಾಡುತ್ತಿದ್ದೆ. ಕುಡಿದು, "ಬಹಳ ಚೆನ್ನಾಗಿ ಬಂದಿದೆ" ಎಂದು ತಾವೇ ಮಾಡಿದ ಹಾಗೆ ತಲೆದೂಗುತ್ತಿದ್ದರು.

ಫ್ರಾನ್ಸ್ ದೇಶ ಹೇಗಿದೆ ಎಂದು ಒಮ್ಮೆ ಕೇಳಿದೆ.

"ನೋಡಿಲ್ಲ ಮದಾಮ್. ಅರವತ್ತಾಗೋ ಹೊತ್ತಿಗೆ ಹೋಗಿಬಂದಿರ್ತೀನಿ ಅಂದುಕೊಂಡಿದ್ದೆ."

"ಆಮ್ಯಾಕೆ?"

"ಎಪ್ಪತ್ತಾಗೋ ಹೊತ್ತಿಗೆ ಅಂದುಕೊಂಡೆ."

"ಈಗೆಷ್ಟು ಸಾ?"

"ಎಪ್ಪತ್ತೆರಡು" ಎಂದು ಹೇಳಿ, ಕಿಟಕಿಯಾಚೆ ನೋಡಿ, "ಹೇಗೂ ಎಂಬತ್ತು ಇದೆಯಲ್ಲ" ಅಂದರು.

ತಮಾಷೆ ಏನೆಂದರೆ, ಸುಮಳ ಕಾಲು ಸಿಕ್ಕಿಹಾಕಿಕೊಂಡಿದ್ದೂ ಇದೇ 'ಬರೋ ಹೊತ್ತಿಗೆ' ಅನ್ನುವುದರಲ್ಲಿ. ಮುಂದೊಂದು ಹೊತ್ತಿಗೆ ಕೆಲಸ ಮುಗಿದಿರುತ್ತದೆ ಎಂದು ಹೇಳುವುದಕ್ಕೆ ಫ್ರೆಂಚಿನವರು ಒಂದು ಬೇರೆ ಕಾಲವನ್ನೇ ಕಟ್ಟಿಕೊಂಡಿದ್ದಾರೆ. ಎರಡು ಸಲವೂ ಅವಳ ಅಂಕ ಸೋರಿಹೋದದ್ದು ಅಲ್ಲೇ. ಮೇಷ್ಟ್ರು ನನಗೂ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು:

"ನಾಳೆ ಸಂಜೆ ಜಗಲಿ ಮೇಲೆ ಕೂತಿದ್ದೀರಿ ಅಂದುಕೊಳ್ಳಿ ಮದಾಮ್. ಅಲ್ಲಿ ಕೂತು, ನಾಳೆ ಬೆಳಗ್ಗೆ ಮಾಡಿದ ಕೆಲಸವನ್ನ ಹಿಂದೆ ತಿರುಗಿ ನೋಡೋದು."

"ನಾಳೆ ಬೆಳಗ್ಗೆನೇ ಇನ್ನೂ ಆಗಿಲ್ವಲ್ಲ ಸಾ."

"ಅದಕ್ಕೇ ಮಕ್ಕಳು ಫೇಲಾಗ್ತಾರೆ."

ಮೊದಲ ದಿನ ಪರೀಕ್ಷೆ ಮಾಡಲು ಒಂದು ಪುಟ ಬರೆಸಿದರು. 'ನೀವು ಬರುವ ಹೊತ್ತಿಗೆ ನಾನು ತಿಂದಿರುತ್ತೇನೆ, ಬಟ್ಟೆ ಒಗೆದಿರುತ್ತೇನೆ, ಅನ್ನ ಬೇಯಿಸಿರುತ್ತೇನೆ, ತರಕಾರಿ ಮಾರಿರುತ್ತೇನೆ' ಈ ಥರದ್ದು. ಸುಮ ಬರೆದು ಕೊಟ್ಟಳು. ಮೇಷ್ಟ್ರು ಓದುತ್ತಾ ಹೋದರು. ಮೊದಲು ಮೀಸೆ ಅಲುಗಿತು, ಆಮೇಲೆ ಹೊಟ್ಟೆ ಅಲುಗಿತು, ಕೊನೆಗೆ ಕನ್ನಡಕ ಕಳಚಿ ಮೇಜಿನ ಮೇಲೆ ಬಿತ್ತು.

"ಮದ್ಮ್ವಜೆಲ್, ನೀನು ಏನು ಬರೆದಿದ್ದೀಯ ಗೊತ್ತಾ? ನೀವು ಬರೋ ಹೊತ್ತಿಗೆ ನನ್ನನ್ನ ಯಾರೋ ತಿಂದುಹಾಕಿರ್ತಾರೆ ಅಂತ!"

ಸುಮ ಕಂಗಾಲಾದಳು. ನಾನು ಗಾಬರಿಯಾದೆ. "ಯಾರ್ ಸಾ ತಿನ್ನೋರು?"

"ಅದನ್ನ ಬರೆದಿಲ್ಲ ಮದಾಮ್. ನಿಮ್ಮ ಕಡೆ ತಾನೇ, ಬಂಡೀಪುರದ ಹುಲಿ ಇರಬಹುದು. ಇಲ್ನೋಡಿ, ಇಲ್ಲಿ ಇವಳನ್ನ ಒಗೆದಿದ್ದಾರೆ, ಇಲ್ಲಿ ಬೇಯಿಸಿದ್ದಾರೆ, ಇಲ್ಲಿ ಮಾರಿಬಿಟ್ಟಿದ್ದಾರೆ. ಒಂದೇ ಪುಟದಲ್ಲಿ ಹುಡುಗಿ ಪೂರ್ತಿ ಖರ್ಚಾಗಿದ್ದಾಳೆ!"

ಆಗಿದ್ದು ಇಷ್ಟು. ನಮ್ಮ ಕನ್ನಡದಲ್ಲಿ ತಿಂದಿರ್ತೀನಿ, ಹೋಗಿರ್ತೀನಿ, ಮಲಗಿರ್ತೀನಿ, ಎಲ್ಲಕ್ಕೂ ಬಾಲ ಒಂದೇ, 'ಇರ್ತೀನಿ'. ಫ್ರೆಂಚಿನಲ್ಲಿ ಎರಡು ಬಾಲ. ಕೆಲವಕ್ಕೆ 'ಇರು' ಎಂಬರ್ಥದ್ದು, ಮಿಕ್ಕಿದ್ದಕ್ಕೆ ಬೇರೆ. ಸುಮ ಕನ್ನಡದ ಲೆಕ್ಕ ಹಿಡಿದು ಎಲ್ಲಕ್ಕೂ 'ಇರು' ಬಾಲವನ್ನೇ ಅಂಟಿಸಿದ್ದಳು. ತಪ್ಪಾದ ಬಾಲ ಅಂಟಿದರೆ ಊಟ ಮಾಡುವವಳೇ ಊಟವಾಗಿಬಿಡುತ್ತಾಳಂತೆ.

ಮೇಷ್ಟ್ರು ಕರೀ ಹಲಗೆಯ ಮೇಲೆ ಎರಡನ್ನೂ ಬರೆದು ಜೋರಾಗಿ ಓದಿದರು. ನನ್ನ ಕಿವಿಗೆ ಒಂದು 'ಸೆರೆ' ಎಂದು ಕೇಳಿಸಿತು, ಇನ್ನೊಂದು 'ಒರೆ' ಎಂದು.

"ಸೆರೆ ಅಂದ್ರೆ ಜೈಲಾ ಸಾ? ಒರೆ ಅಂದ್ರೆ ನೆಲ ಒರ್ಸದಾ?" ಅಂದೆ. ಸುಮ ನನ್ನ ಸೆರಗು ಜಗ್ಗಿದಳು. "ಅಜ್ಜಿ, ಸುಮ್ಕಿರಿ!"

ಮೇಷ್ಟ್ರು ಸೀಮೆಸುಣ್ಣ ಹಿಡಿದ ಕೈಯನ್ನು ಮೇಲೆತ್ತಿದವರು ಕೆಳಗಿಳಿಸಲೇ ಇಲ್ಲ. ಕಣ್ಣು ಮಿಂಚಿತು.

"ಜೈಲು! ಹೌದು ಮದಾಮ್, ಜೈಲೇ! ಮನೆ ಬಿಟ್ಟು ಅಲ್ಲಿ ಇಲ್ಲಿ ತಿರುಗೋ ಕ್ರಿಯಾಪದಗಳು ಇವೆಯಲ್ಲ, ಹೋಗು, ಬರು, ಹತ್ತು, ಇಳಿ, ಅವನ್ನೆಲ್ಲ ಸೆರೆಗೆ ಹಾಕೋದು. ಮನೇಲಿದ್ದು ಕೆಲಸ ಮಾಡೋವಕ್ಕೆಲ್ಲ ಒರೆಸೋ ಬಟ್ಟೆ ಕೊಡೋದು. ತಿನ್ನು?"

"ಒರೆ" ಅಂದಳು ಸುಮ.

"ಬರು?"

"ಸೆರೆ."

"ಒಗೆ?"

"ಒರೆ!"

ನಾನೂ ಒಂದು ಕೇಳಿದೆ. "ಓಡು?"

ಮೇಷ್ಟ್ರ ಮುಖ ಸಪ್ಪಗಾಯಿತು. "ಅದು ಒರೆ."

"ಅದ್ಯಾಕೆ ಸಾ? ಓಡದು ಮನೆ ಬಿಟ್ಟೇ ಅಲ್ವಾ?"

ಅವರು ತಲೆ ಕೆರೆದುಕೊಂಡು ಯೋಚಿಸಿ ಹೇಳಿದರು: "ಓಡಿ ತಪ್ಪಿಸಿಕೊಂಡುಬಿಟ್ಟ ಮದಾಮ್. ಪೊಲೀಸರ ಕೈಗೆ ಸಿಗಲಿಲ್ಲ."

ಆಮೇಲಿನ ವಾರ ಹೋದಾಗ ನಡುಮನೆಯ ಕುರ್ಚಿ, ಸ್ಟೂಲು, ಅಕ್ಕಿ ಡಬ್ಬ ಎಲ್ಲ ಎರಡು ಸಾಲಾಗಿ ನಿಂತಿದ್ದವು. ಗುಂಡ್ಲುಪೇಟೆ ಬಸ್ಸಂತೆ. ಅದೊಂದು ಕೆಲಸವನ್ನು ಮಾತ್ರ ಮೇಷ್ಟ್ರು ನಾವು ಬರುವ ಹೊತ್ತಿಗೆ ನಿಜವಾಗಿ ಮಾಡಿಟ್ಟಿದ್ದರು. ಸೆರೆಗೆ ಹೋಗುವ ಕ್ರಿಯಾಪದಗಳೆಲ್ಲ ಈ ಬಸ್ಸಿನಲ್ಲಿವೆ, ಮಿಕ್ಕಿದ್ದಕ್ಕೆ ಟಿಕೆಟ್ಟಿಲ್ಲ ಅಂದರು. ತಾವೇ ಡ್ರೈವರು, ತಾವೇ ಕಂಡಕ್ಟರು. ಸುಮ ಹತ್ತಿದಳು, ಒಳಗೆ ಬಂದಳು. ಡ್ರೈವರು ಬ್ರೇಕು ಹಾಕಿದರು, ಸುಮ ಬಿದ್ದಳು. ತೆರಕಣಾಂಬಿಯಲ್ಲಿ ಇಳಿದಳು. ಒಂದೊಂದಕ್ಕೂ ಫ್ರೆಂಚಿನಲ್ಲಿ ಕೂಗಬೇಕು. ನನ್ನನ್ನು ಅಕ್ಕಿ ಡಬ್ಬದ ಮೇಲೆ ಕೂರಿಸಿ, "ನೀವು 'ಉಳಿ' ಅನ್ನೋ ಕ್ರಿಯಾಪದ ಮದಾಮ್, ಬಸ್ಸು ಹೋದರೂ ನೀವು ಸ್ಟ್ಯಾಂಡಲ್ಲೇ ಇರ್ತೀರಿ" ಅಂದರು.

"ಉಟ್ಟದು, ಸಾಯದು ಅಂತ ಎರ್ಡು ಬರ್ದಿದ್ದೀರಲ್ಲ. ಅವ್ಯಾಕೆ ಬಸ್ಸಲ್ಲಿ?"

"ಈ ರೋಡಲ್ಲಿ ಎರಡೂ ಆಗಬಹುದು ಮದಾಮ್" ಎಂದು ಹೇಳಿ ಮೇಷ್ಟ್ರು ಜೋರಾಗಿ ಹಾರನ್ ಹೊಡೆದರು. ಬಾಯಲ್ಲೇ.

ಇನ್ನೊಂದು ತೊಡಕಿತ್ತು. ಸೆರೆಗೆ ಹೋಗುವುದು ಹೆಂಗಸಾದರೆ ಕ್ರಿಯಾಪದದ ಕೊನೆಗೆ ಒಂದು ಅಕ್ಷರ ಹೆಚ್ಚಿಗೆ ಹಾಕಬೇಕು. ಬರೆಯಬೇಕು, ಆದರೆ ಉಚ್ಚರಿಸಬಾರದು. ಸುಮ ಪ್ರತಿ ಸಲ ಮರೆಯುತ್ತಿದ್ದಳು.

"ಇದೇನ್ ಸಾ, ಎಂಗುಸ್ರು ಅಂದ್ರೆ ಅಲ್ಲೂ ಬಾಯ್ ಮುಚ್ಕಂಡೇ ಇರ್ಬೇಕಾ?"

"ಅಲ್ಲೂ ಅಷ್ಟೇ ಮದಾಮ್. ಆದರೆ ಬಿಟ್ಟುಹೋದರೆ ಅಂಕ ಕಳೀತಾರೆ."

ಅಷ್ಟಾದರೂ ಬೆಲೆ ಇದೆಯಲ್ಲ ಎಂದು ನನಗೆ ಸಮಾಧಾನವಾಯಿತು. ಅವತ್ತಿನಿಂದ ಸುಮ ಒಂದು ವಾಕ್ಯ ಬರೆದು ಮುಗಿಸಿದಾಗಲೆಲ್ಲ ನಾನು ಬಾಯಿ ಬಿಗಿಹಿಡಿದು ಅವಳ ಮುಖ ನೋಡುವೆ, ಅವಳಿಗೆ ಜ್ಞಾಪಕ ಬಂದು ಆ ಅಕ್ಷರ ಸೇರಿಸುವಳು.

ಮನೆಯಲ್ಲಿ ಅಭ್ಯಾಸ ಮಾಡುವುದು ಬೇರೆಯೇ ಪ್ರಸಂಗ. ಫ್ರೆಂಚಿನ 'ರ' ನಾಲಿಗೆಯಿಂದ ಬರುವುದಿಲ್ಲ, ಗಂಟಲ ತಳದಿಂದ ಕೆರೆದುಕೊಂಡು ಬರಬೇಕು. ಬೆಳಗ್ಗೆ ಬೆಳಗ್ಗೆ ಸುಮ ಹಿತ್ತಿಲಲ್ಲಿ ಕೆರೆಯುವುದು ಕೇಳಿ ನಮ್ಮ ಯಜಮಾನರು, "ಅಮ್ಮಿ, ಕಫ ಕಟ್ಟದಾ? ಬಿಸ್ನೀರ್ಗೆ ಉಪ್ಪಾಕಿ ಮುಕ್ಕಳಿಸು" ಎಂದು ಚೊಂಬು ಹಿಡಿದು ಹೋಗುವರು. ಇನ್ನೊಂದು, ಬಾಯನ್ನು ಒಲೆ ಊದುವ ಹಾಗೆ ಮಾಡಿಕೊಂಡು 'ಈ' ಅನ್ನಬೇಕು. ಅದು ನನಗೆ ಮೊದಲ ಸಲಕ್ಕೇ ಬಂತು. ಎಷ್ಟು ವರ್ಷ ಸೌದೆ ಒಲೆ ಊದಿದ್ದೇನೆ! ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಖುಷಿಯಲ್ಲಿ ಬಸ್ಸಿನಲ್ಲೂ ಅದನ್ನೇ ಅನ್ನುತ್ತಾ ಬಂದೆ. ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು.

ಎಲ್ಲ ದಿನವೂ ನಗುವಿರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಒಂದು ಭಾನುವಾರ ಸುಮ ಬರೆದದ್ದೆಲ್ಲ ತಪ್ಪಾಯಿತು. ಬಂದದ್ದೂ ಮರೆತುಹೋಯಿತು. ಪೆನ್ನು ಕೆಳಗಿಟ್ಟು ಅಳಲು ಶುರುಮಾಡಿದಳು.

"ನಂಗೆ ಬರಲ್ಲ ಸಾ. ನಾನು ದಡ್ಡಿ. ಈ ಸಲಾನೂ ಫೇಲಾದ್ರೆ ಎಲ್ಲಾ ಓಯ್ತು. ಅಪ್ಪನ ಮುಖ ನೋಡಕಾಗಲ್ಲ. ಅವ್ರು ನಂಜೊತೆ ಮಾತಾಡಿ ಎಷ್ಟು ತಿಂಗ್ಳಾಯ್ತು."

ಸಮಾಧಾನ ಮಾಡಲು ಬಾಯಿ ತೆರೆದೆ. ಮೇಷ್ಟ್ರು ಕೈ ಅಡ್ಡ ಹಿಡಿದರು. ಅವರೂ ಸಮಾಧಾನ ಮಾಡಲಿಲ್ಲ. "ಒಂದು ವಾಕ್ಯ ಹೇಳು ಮದ್ಮ್ವಜೆಲ್. ರಿಸಲ್ಟ್ ಬರೋ ಹೊತ್ತಿಗೆ ನಾನು ಗೆದ್ದಿರ್ತೀನಿ. ಅಳುತ್ತಲೇ ಹೇಳು, ಪರವಾಗಿಲ್ಲ."

ಅವಳು ಬಿಕ್ಕುತ್ತಾ ಹೇಳಿದಳು. 'ಸೆರೆ' ಹಾಕಿ ಹೇಳಿದಳು.

ಮೇಷ್ಟ್ರು ತುಟಿ ಕಚ್ಚಿಕೊಂಡರು. ತಡೆಯಲಾಗಲಿಲ್ಲ. "ಮದಾಮ್, ನಿಮ್ಮ ಮೊಮ್ಮಗಳು ಏನಂದಳು ಗೊತ್ತಾ? ಅಡುಗೆ ಚೆನ್ನಾಗಿ ಬಂತು ಅಂತೀವಲ್ಲ, ಕೇಕು ಹದವಾಗಿ ಬೆಂದಿದೆ ಅಂತೀವಲ್ಲ, ಅದಕ್ಕೆ ಹೇಳೋ ಮಾತು! ರಿಸಲ್ಟ್ ಬರೋ ಹೊತ್ತಿಗೆ ನಾನು ಒಳ್ಳೇ ಹದವಾಗಿ ಬಂದಿರ್ತೀನಿ ಅಂತಿದ್ದಾಳೆ!"

ಸುಮ ಮೂಗು ಒರೆಸಿಕೊಳ್ಳುತ್ತಾ ಇದ್ದವಳು ಫಕ್ಕನೆ ನಕ್ಕಳು. ನಕ್ಕು, ಮತ್ತೆ ಅತ್ತು, ಅಳುವಿನ ನಡುವೆ ಮತ್ತೆ ನಕ್ಕಳು. "ಒರೆ ಸಾ, ಒರೆ. ಗೆಲ್ಲದು ಒರೆ" ಎಂದು ಸರಿಯಾಗಿ ಹೇಳಿದಳು. ಮೇಷ್ಟ್ರು ಇನ್ನೊಂದು ಸಲ ಹೇಳಿಸಿದರು. ಮತ್ತೊಂದು ಸಲ ಹೇಳಿಸಿದರು. ಆಮೇಲೆ ನಗು ನಿಲ್ಲಿಸಿ, ಮೆಲ್ಲಗೆ ಹೇಳಿದರು:

"ನನ್ನ ಹತ್ತಿರ ರಾಂಕು ಬಂದವರು ಎಷ್ಟೋ ಜನ ಓದಿದ್ದಾರಮ್ಮ. ಆದರೆ ತಪ್ಪನ್ನ ಇಷ್ಟು ರುಚಿಯಾಗಿ ಮಾಡಿದವರು ಒಬ್ಬರೂ ಇಲ್ಲ. ಈ ತಪ್ಪುಗಳನ್ನ ನೀನು ನಾಳೆ ಮಕ್ಕಳಿಗೆ ಹೇಳ್ತೀಯ. ಅವರು ಮರೆಯೋದೇ ಇಲ್ಲ."

ಅವಳನ್ನು ಆಗಲೇ ಟೀಚರು ಮಾಡಿಬಿಟ್ಟಿದ್ದರು. ಬರುವಾಗ ಬಸ್ಸಿನಲ್ಲಿ ಸುಮ ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದಳು.

ಪರೀಕ್ಷೆಗೆ ಮೈಸೂರಿಗೆ ನಾನೂ ಹೋಗಿದ್ದೆ. ಹೊರಗೆ ಮರದ ಕೆಳಗೆ ಕೂತಿದ್ದೆ. ಬಂದು ಹೇಳಿದಳು: "ಅಜ್ಜಿ, ಹತ್ತು ಬಿಟ್ಟ ಸ್ಥಳ ಬಂದಿತ್ತು, ಎಲ್ಲಾ ಅದೇ ಕಾಲ. ನಾನು ಬಸ್ ಹತ್ತಿದೆ, ಇಳಿದೆ, ಬ್ರೇಕಿಗೆ ಕೂತಲ್ಲೇ ಮುಂದಕ್ಕೆ ವಾಲಿದೆ. ಸೂಪರ್‌ವೈಸರ್ ಓಡಿ ಬಂದು, ಏನಮ್ಮ ತಲೆ ಸುತ್ತುತ್ತಾ ಅಂದ್ರು."

"ನೀನೇನಂದೆ?"

"ಇಲ್ಲ ಸಾ, ತೆರಕಣಾಂಬಿ ಬಂತು ಅಂದ್ಬುಟ್ಟೆ."

ರಿಸಲ್ಟ್ ಬರುವ ಮುಂಚೆಯೇ ಮೇಷ್ಟ್ರು ಊರು ಬಿಟ್ಟರು. ಮಂಡಿನೋವು ಜೋರಾಯಿತು, ಒಬ್ಬರೇ ಇರುವುದು ಬೇಡವೆಂದು ಕೊಯಮತ್ತೂರಿನ ತಂಗಿ ಬಂದು ಕರೆದುಕೊಂಡು ಹೋದರು. ನಾವಿಬ್ಬರೂ ಬಸ್ ಸ್ಟ್ಯಾಂಡಿಗೆ ಹೋಗಿದ್ದೆವು. ನಾನು ಚಕ್ಕುಲಿ ಕಟ್ಟಿಕೊಟ್ಟೆ. ಮೇಷ್ಟ್ರು ಕೋಟು ತೊಟ್ಟು, ಕೋಲೂರಿಕೊಂಡು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತಿರುಗಿ ನೋಡಿದರು.

"ಹತ್ತು?" ಅಂದರು.

"ಸೆರೆ!" ಎಂದು ನಾವಿಬ್ಬರೂ ಒಟ್ಟಿಗೆ ಕೂಗಿದೆವು.

ತಮಿಳು ಕಂಡಕ್ಟರು ಬೆಚ್ಚಿಬಿದ್ದು ತಂಗಿಯನ್ನು ಕೇಳಿದ: "ಏನಮ್ಮಾ, ಪೆರಿಯವರ್, ಈ ದೊಡ್ಡವರ್ ಮೇಲೆ ಕೇಸಾ?"

ಬಸ್ಸು ಹೊರಟಾಗ ಕಿಟಕಿಯಿಂದ ತಲೆ ಹಾಕಿ ಹೇಳಿದರು: "ರಿಸಲ್ಟ್ ಬಂದ ತಕ್ಷಣ ಫೋನ್ ಮಾಡಿ. ಅಷ್ಟು ಹೊತ್ತಿಗೆ ನಾನು ತಮಿಳು ಕಲಿತಿರ್ತೀನಿ." ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಸುಮ ಕೈ ಬೀಸುತ್ತಲೇ ಇದ್ದಳು. ಆಮೇಲೆ ಮುಖ ಆಕಡೆ ತಿರುಗಿಸಿಕೊಂಡು ಜಡೆ ಸರಿಮಾಡಿಕೊಂಡಳು, ಸರಿಯಾಗಿದ್ದ ಜಡೆಯನ್ನೇ.

ಇವತ್ತು ಫೋನ್ ಮಾಡಿದೆವು. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು.

"ಮೇಷ್ಟ್ರೇ, ಪಾಸು!"

ಆ ಕಡೆಯಿಂದ ಮೂಗು ಸೀಟಿದ ಸದ್ದು, ಅದೂ ದೊಡ್ಡದಾಗಿ. ಆಮೇಲೆ ಪಾಠ ಮಾಡುವ ದನಿ: "ಯಾರು ಪಾಸು? ವಾಕ್ಯ ಪೂರ್ತಿ ಹೇಳು, ಮದ್ಮ್ವಜೆಲ್."

ಸುಮ ಫ್ರೆಂಚಿನಲ್ಲಿ ಹೇಳಿದಳು. ಅದರಲ್ಲಿ ನನಗೆ ಸೆರೆಯೂ ಕೇಳಿಸಲಿಲ್ಲ, ಒರೆಯೂ ಕೇಳಿಸಲಿಲ್ಲ. ತಪ್ಪು ಮಾಡಿದಳೇನೋ ಅಂದುಕೊಂಡೆ.

"ಒರೆ ಎಲ್ಲಮ್ಮಿ?" ಅಂದೆ.

"ಬೇಡ ಮದಾಮ್" ಎಂದರು ಮೇಷ್ಟ್ರು ಆ ಕಡೆಯಿಂದ. "ಅದು ಇನ್ನೂ ಆಗಬೇಕಾದ ಮಾತಿಗೆ. ಇದು ಆಗಿಹೋಯ್ತು. ಗೆದ್ದಿರ್ತೀನಿ ಅಲ್ಲ, ಗೆದ್ದೆ ಅಂತ ಹೇಳಿದಳು. ಸರಿಯಾಗಿ ಹೇಳಿದಳು."

ನನ್ನ ಸೊಸೆ ಸೆರಗಿನಿಂದ ಕಣ್ಣೊತ್ತಿಕೊಂಡಳು. ನಾನು ತಮಿಳು ಎಷ್ಟು ಕಲಿತಿರಿ ಎಂದು ಕೇಳಿದೆ. "ದೀಪಾವಳಿ ಹೊತ್ತಿಗೆ ಕಲಿತಿರ್ತೀನಿ" ಅಂದರು. ಫೋನ್ ಇಡುವಾಗ, "ಭಾನುವಾರ ಬನ್ನಿ ಮದಾಮ್, ಬರೋ ಹೊತ್ತಿಗೆ ಕಾಫಿ ಮಾಡಿಟ್ಟಿರ್ತೀನಿ" ಎಂದುಬಿಟ್ಟರು. ತಾವೀಗ ಚಾಮರಾಜನಗರದಲ್ಲಿಲ್ಲ ಎಂದು ಅವರಿಗೂ ಕೂಡಲೇ ಜ್ಞಾಪಕವಾಯಿತು. ನಾನು, "ಆಗ್ಲಿ ಸಾ, ಬತ್ತೀವಿ" ಅಂದೆ. ಕೊಯಮತ್ತೂರೇನು ದೂರ, ಚಾಮರಾಜನಗರದಿಂದ ಒಂದೇ ಬಸ್ಸು.

ಮಗನಿಗೆ ಅಂಗಡಿಗೆ ಸುದ್ದಿ ಮುಟ್ಟಿಸಿದ್ದು ಸೊಸೆ. ಏನಂದ ಎಂದು ಕೇಳಿದರೆ, "ಏನೂ ಅನ್ನಿಲ್ಲ ಅತ್ತೆ, ಫೋನ್ ಮಡಿಗ್ಬುಟ್ರು" ಅಂದಳು. ಸುಮಳ ಮುಖ ಸ್ವಲ್ಪ ಇಳಿಯಿತು. ನಾನು ಕಡಲೆಬೇಳೆ ಬೇಯಲಿಕ್ಕೆ ಇಟ್ಟು, ಒಬ್ಬಟ್ಟಿನ ಕೆಲಸ ಶುರುಮಾಡಿದೆ. ಸಾಯಂಕಾಲ, ಎಂದೂ ಕತ್ತಲಾಗುವ ಮುಂಚೆ ಅಂಗಡಿ ಮುಚ್ಚದವನು ಬಾಗಿಲೆಳೆದು ಬಂದ. ಕಂಕುಳಲ್ಲಿ ಒಂದು ಕಟ್ಟು ಬಾಳೆಲೆ. ಕೈಕಾಲು ತೊಳೆದುಕೊಂಡು, ನಡುಮನೆಯಲ್ಲಿ ತಾನೇ ಚಾಪೆ ಹಾಸಿದ, ತಾನೇ ಎಲೆ ಹಾಕಿದ. ಹುಟ್ಟಿದಾರಭ್ಯ ನನ್ನ ಮಗ ಎಲೆ ಹಾಕಿದ್ದನ್ನು ನಾನು ನೋಡಿರಲಿಲ್ಲ. ತುದಿ ಬಲಕ್ಕೆ ಬರುವ ಹಾಗೆ ಉಲ್ಟಾ ಹಾಕಿದ್ದ. ನಾನು ಸುಮ್ಮನೆ ಸರಿಮಾಡಿದೆ.

"ಸುಮೀ" ಎಂದು ಕರೆದ. ಹಿತ್ತಿಲ ಕಡೆ ಹೊರಟಿದ್ದವಳು ನಿಂತಳು. "ಇಲ್ ಕೂತ್ಕ."

ಕೂತಳು. ಒಂದು ಪಕ್ಕಕ್ಕೆ ತಾತ, ಇನ್ನೊಂದು ಪಕ್ಕಕ್ಕೆ ನಾನು, ಎದುರಿಗೆ ಅವಳ ಅವ್ವ. ಬಡಿಸಲು ಎದ್ದ ಸೊಸೆಯನ್ನು ಕೂರಿಸಿ ಅವನೇ ಸೌಟು ತೆಗೆದುಕೊಂಡ. ಅನ್ನ ಎಲೆಯಾಚೆಗೆ ಬಿತ್ತು, ಸಾರು ಪಲ್ಯದ ಮೇಲೆ ಬಿತ್ತು. ಸುಮಳ ಎಲೆಗೆ ಮೂರು ಒಬ್ಬಟ್ಟು ಹಾಕಿ, ತುಪ್ಪ ಸುರಿಯತೊಡಗಿದವನು ನಿಲ್ಲಿಸಲೇ ಇಲ್ಲ. ತುಪ್ಪ ಹರಿದು ಉಪ್ಪಿನಕಾಯಿ ಮುಟ್ಟಿತು.

"ಸಾಕ್ ಬುಡ್ಲಾ, ಕೂಸು ಈಜಾಡ್ಬೇಕಾ?" ಅಂದರು ನಮ್ಮ ಯಜಮಾನರು.

ಅವನು ಪಾತ್ರೆ ಹಿಡಿದುಕೊಂಡೇ ನಿಂತಿದ್ದ. ಸುಮ ತುತ್ತು ಎತ್ತಿದವಳು ಬಾಯಿಗಿಡದೆ ಹಾಗೇ ಕೆಳಗಿಟ್ಟಳು. ಪಕ್ಕಕ್ಕೆ ಸರಿದು, ತನಗೂ ತಾತನಿಗೂ ನಡುವೆ ಜಾಗ ಮಾಡಿ, ಇನ್ನೊಂದು ಎಲೆ ಹಾಕಿದಳು. ಅಪ್ಪನ ಕೈಯಿಂದ ತುಪ್ಪದ ಪಾತ್ರೆ ಇಸಿದುಕೊಂಡು ಹೇಳಿದಳು:

"ಕೂತ್ಕಳಪ್ಪ. ಒಟ್ಗೆ ಉಣ್ಣನ."